ಮನೋವಿಜ್ಞಾನಿ ಡಾ. ಎಂ. ವಿ. ಗೋಪಾಲಸ್ವಾಮಿ

ನಮ್ಮ ಕೊಟ್ಟಾರದ ಮನೆಗಳಲ್ಲಿ ಮಂಗಳೂರು ಆಕಾಶವಾಣಿಯ ಧ್ವನಿಯನ್ನು ಕೇಳದವರು ವಿರಳ. ಕದ್ರಿಯ ಆ ನಿಲಯವು ಆರಂಭವಾದುದು 1976ರಲ್ಲಿ. ಆದರೆ ಆಕಾಶವಾಣಿಯೆಂಬ ಹೆಸರು ಅದಕ್ಕೆ ನಾಲ್ಕು ದಶಕಗಳ ಮೊದಲೇ ಮೈಸೂರಿನ ಪ್ರಾಧ್ಯಾಪಕರೊಬ್ಬರ ಮನೆಯಿಂದ ಮೊಳಗಿತ್ತು. ಅವರೇ ಡಾ. ಎಂ. ವಿ. ಗೋಪಾಲಸ್ವಾಮಿಯವರು. ಬಾನುಲಿಯಿಂದ ಬಂದ ಕೀರ್ತಿಯು ಅವರ ಮುಖ್ಯ ವ್ಯವಸಾಯವಾದ ಮನಶ್ಶಾಸ್ತ್ರವನ್ನು ಮರೆಮಾಡಿದೆ. ಬೋಧಕರಿಗೆ ಹೆಚ್ಚು ಉಪಕಾರಕವಾದುದು ಆ ಮರೆಯಾದ ಭಾಗವೇ ಆದುದರಿಂದ ಅದನ್ನಿಲ್ಲಿ ಸ್ಮರಿಸುವುದು ಉಚಿತವಾಗಿದೆ.

1896ರಲ್ಲಿ ಜನಿಸಿದ ಗೋಪಾಲಸ್ವಾಮಿಯವರು ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿ, ಬುದ್ಧಿಶಕ್ತಿಯ ಮಾಪನದಲ್ಲಿ ಲೋಕವಿಖ್ಯಾತರಾದ ಚಾರ್ಲ್ಸ್ ಸ್ಪಿಯರ್‌ಮನ್ನರ ಶಿಷ್ಯರಾದರು. ಆ ಸ್ಪಿಯರ್‌ಮನ್ನರಾದರೋ 1879ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ಸ್ಥಾಪಿಸಿದ ವುಂಟ್ ಮಹಾಶಯರಲ್ಲಿ ಕಲಿತವರು. ಮನಸ್ಸನ್ನು ಕುರಿತ ವಾದವು ಅಳತೆಯ ಸಾಕ್ಷ್ಯವನ್ನು ಹೊಂದಿರಬೇಕೆಂಬುದು ಈ ಗುರುಪರಂಪರೆಯ ಮೂಲತತ್ತ್ವ.

ಕೈಚಲನೆಯ ಕಲಿಕೆಗೂ ಬುದ್ಧಿಗೂ ಇರುವ ಸಂಬಂಧವು ಅವರ ಸಂಶೋಧನೆಯ ವಿಷಯವಾಗಿದ್ದಿತು. ಆ ಲೇಖನವು 1924ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ಬಳಸಿದ ಪರೀಕ್ಷೆಗಳಲ್ಲಿ ಕನ್ನಡಿಯ ಚಿತ್ರಣವೂ ಒಂದು. ಕಾಗದದ ಮೇಲಿನ ನಕ್ಷತ್ರಾಕೃತಿಯನ್ನೂ ಬರೆಯುವ ಕೈಯನ್ನೂ ಹಲಗೆಯಿಂದ ಮರೆಮಾಡಿ, ಎದುರಿನ ಕನ್ನಡಿಯಲ್ಲಿ ಮಾತ್ರ ನೋಡುತ್ತ ಆಕೃತಿಯ ಅಂಚನ್ನು ತಿದ್ದಬೇಕು. ದಿಕ್ಕುಗಳು ತಲೆಕೆಳಗಾಗಿ ಕೈ ತಡವರಿಸುತ್ತದೆ. ಅಭ್ಯಾಸದಿಂದ ತಪ್ಪುಗಳೂ ಕಾಲವೂ ಕುಗ್ಗುತ್ತವೆ. ಈ ಇಳಿತವನ್ನು ಗುರುತಿಸಿದರೆ ಕಲಿಕೆಯ ನಡೆಯೇ ಗೋಚರವಾಗುತ್ತದೆ.

1924ರಲ್ಲಿಯೇ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗವನ್ನೂ ಪ್ರಯೋಗಶಾಲೆಯನ್ನೂ ಅವರು ಕಟ್ಟತೊಡಗಿದರು. ಭಾರತದಲ್ಲಿ ಕಲ್ಕತ್ತೆಯೊಂದೇ ಈ ದಿಕ್ಕಿನಲ್ಲಿ ಮೊದಲು ಹೆಜ್ಜೆಯಿಟ್ಟಿದ್ದಿತು. ತರ್ಕ ವೇದಾಂತಗಳ ಅಂಗವೆಂದು ತಿಳಿಯಲಾಗಿದ್ದ ಮನೋವಿಚಾರವು ಕನ್ನಡನಾಡಿನಲ್ಲಿ ಹೀಗೆ ಪ್ರಯೋಗದ ಪೀಠವನ್ನೇರಿತು. 1935ರ ಸೆಪ್ಟೆಂಬರಿನಲ್ಲಿ ತಮ್ಮ ಗೃಹ ವಿಠ್ಠಲ ವಿಹಾರದಲ್ಲಿ ಮೂವತ್ತು ವಾಟ್ ಸಾಮರ್ಥ್ಯದ ಕಿರುಯಂತ್ರದಿಂದ ಅವರು ಬಾನುಲಿ ಪ್ರಸಾರವನ್ನಾರಂಭಿಸಿದರು. ಯಂತ್ರವು ಕಿರಿದಾದರೂ ಜ್ಞಾನವು ಕಾಲೇಜಿನ ಗೋಡೆಗಳನ್ನು ದಾಟಬೇಕೆಂಬ ಹಂಬಲವು ಹಿರಿದಾಗಿದ್ದಿತು. 1942ರಲ್ಲಿ ಆ ನಿಲಯವನ್ನು ಮೈಸೂರು ಸರ್ಕಾರವು ವಹಿಸಿಕೊಂಡಿತು.

ಅವರು ಕೈಗೊಂಡಿದ್ದ ಕನ್ನಡಿಯ ಪರೀಕ್ಷೆಯು ಮುಂದೆ ಮಿದುಳಿನ ರಹಸ್ಯವೊಂದನ್ನು ಬಿಡಿಸಿತು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಇಪ್ಪತ್ತೇಳರ ಯುವಕನಿಗೆ ಅಪಸ್ಮಾರದ ನಿವಾರಣೆಗಾಗಿ ಮಿದುಳಿನ ಶಸ್ತ್ರಚಿಕಿತ್ಸೆಯಾಯಿತು. ಅನಂತರ ನಡೆದ ಯಾವ ಸಂಗತಿಯೂ ಅವನ ನೆನಪಿನಲ್ಲಿ ನಿಲ್ಲದಾಯಿತು. ವಿದುಷಿ ಬ್ರೆಂಡಾ ಮಿಲ್ನರ್ ಅವನಿಗೆ ಮೂರು ದಿನಗಳ ಕಾಲ ಕನ್ನಡಿಯ ಚಿತ್ರಣವನ್ನು ಕೊಟ್ಟರು. ಹಿಂದಿನ ದಿನ ಅದನ್ನು ಮಾಡಿದ ನೆನಪೇ ಇಲ್ಲದ ಅವನ ಕೈ ದಿನದಿನಕ್ಕೂ ನಿಪುಣವಾಯಿತು! ಸಂಗತಿಯ ಸ್ಮರಣೆಯೂ ಕೈಯ ಕೌಶಲವೂ ಮಿದುಳಿನಲ್ಲಿ ಬೇರೆ ಬೇರೆ ನೆಲೆಗಳನ್ನು ಹೊಂದಿವೆಯೆಂದು ಇದರಿಂದ ತಿಳಿದುಬಂದಿತು. ಆಸ್ಪತ್ರೆಯ ರೋಗಿಯೂ ಪ್ರಯೋಗಶಾಲೆಯ ಅಳತೆಯೂ ಹೀಗೆ ಕೂಡಿದೆಡೆಯಲ್ಲಿ ಬೆಳೆದ ಶಾಸ್ತ್ರವೇ ನರಮನೋವಿಜ್ಞಾನ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪನೆಯಾಗಿ, 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡ ಮೇಲೆ, ಈ ಶಾಸ್ತ್ರಕ್ಕೆ ನಮ್ಮ ನಾಡಿನಲ್ಲಿಯೂ ಭದ್ರವಾದ ನೆಲೆಯೊದಗಿತು.

ಗೋಪಾಲಸ್ವಾಮಿಯವರು 1957ರಲ್ಲಿ ಕಾಲವಶರಾದರು. ಅವರ ನಿಲಯದ ಹೆಸರನ್ನು ಭಾರತದ ಬಾನುಲಿಯು ತನ್ನದಾಗಿಸಿಕೊಂಡುದೂ, ಮೊಲೈಸನ್ನನ ಸ್ಮೃತಿನಾಶದ ವೃತ್ತಾಂತವು ಪ್ರಕಟವಾದುದೂ ಅದೇ ವರ್ಷ.

ಅವರ ಜೀವನವು ವಿದ್ಯಾಲಯಗಳಿಗೆ ಕೊಡುವ ಪಾಠವು ಸ್ಪಷ್ಟವಾಗಿದೆ. ಬಾಯಿಪಾಠವನ್ನು ಒಪ್ಪಿಸಲಾರದ ಬಾಲಕನು ಏನನ್ನೂ ಕಲಿಯಲಿಲ್ಲವೆಂದು ತೀರ್ಮಾನಿಸುವುದು ಅವಸರದ ಮಾತು. ಅವನ ಕಲಿಕೆಯು ಮತ್ತೊಂದು ನೆಲೆಯಲ್ಲಿ ನಡೆದಿರಬಹುದು. ಮೊದಲ ಯತ್ನದ ತಪ್ಪುಗಳನ್ನೆಣಿಸಿ ಕೈಬಿಡುವವನಿಗೆ ಹತ್ತನೆಯ ಯತ್ನದ ಫಲವು ಕಾಣುವುದಿಲ್ಲ. ಇದನ್ನು ಪರೀಕ್ಷಿಸಿ ನೋಡಲು ಬೇಕಾದುದು ಒಂದು ಕನ್ನಡಿ, ಒಂದು ಹಲಗೆ, ಒಂದು ಗಡಿಯಾರ, ಜೊತೆಗೆ ತಾಳ್ಮೆಯುಳ್ಳ ಒಬ್ಬ ಗುರು. ಮೊದಲ ಮೂರನ್ನು ದಾನಿಗಳು ಸುಲಭವಾಗಿ ಒದಗಿಸಬಲ್ಲರು. ನಾಲ್ಕನೆಯದನ್ನು ಅಧ್ಯಾಪಕರಾದವರು ತಮ್ಮಲ್ಲಿಯೇ ಸಂಪಾದಿಸಿಕೊಳ್ಳಬೇಕು.