ಹಾರ್ಲೆಮ್‌ಗೆ ಬಂದ ಫ್ಲೋರಿಡಾದ ಜಗುಲಿ

1920ರ ದಶಕದಲ್ಲಿ ನ್ಯೂಯಾರ್ಕ್ ನಗರದ ಹಾರ್ಲೆಮ್‌ನಲ್ಲಿ ಕಪ್ಪು ಜನರ ಸಾಹಿತ್ಯ, ಸಂಗೀತ, ಚಿತ್ರಕಲೆಗಳು ಒಮ್ಮೆಲೇ ಅರಳಿದ ಕಾಲವನ್ನು ಹಾರ್ಲೆಮ್ ಪುನರುಜ್ಜೀವನ ಎನ್ನುತ್ತಾರೆ. ಹೆಸರು ಹಾರ್ಲೆಮ್‌ನದಾದರೂ ಬಂಡವಾಳವೆಲ್ಲ ಅಲ್ಲಿಯದಲ್ಲ. ಬಹಳಷ್ಟು ದಕ್ಷಿಣದ ರಾಜ್ಯಗಳಿಂದ ರೈಲು ಹತ್ತಿ ಬಂದದ್ದು. ಕವಿ ಜೇಮ್ಸ್ ವೆಲ್ಡನ್ ಜಾನ್ಸನ್, ಶಿಲ್ಪಿ ಅಗಸ್ಟಾ ಸ್ಯಾವೇಜ್ ಇಬ್ಬರೂ ಫ್ಲೋರಿಡಾದವರು. ಆದರೆ ಆ ರಾಜ್ಯವನ್ನೇ ತಮ್ಮ ಬರವಣಿಗೆಯ ವಸ್ತುವಾಗಿಸಿಕೊಂಡವರು ಜೋರಾ ನೀಲ್ ಹರ್‌ಸ್ಟನ್.

ಅವರು ಹುಟ್ಟಿದ್ದು 1891ರಲ್ಲಿ, ಅಲಬಾಮಾದ ನೊಟಸಲ್ಗಾದಲ್ಲಿ. ಮಗುವಾಗಿದ್ದಾಗಲೇ ಕುಟುಂಬ ಫ್ಲೋರಿಡಾದ ಈಟನ್‌ವಿಲ್‌ಗೆ ಬಂತು. 1887ರಲ್ಲಿ ಸ್ಥಾಪನೆಯಾದ ಆ ಪುಟ್ಟ ಪಟ್ಟಣದ ಆಡಳಿತವೆಲ್ಲ ಕಪ್ಪು ಜನರದೇ. ತಂದೆ ಬಡಗಿ, ಧರ್ಮಬೋಧಕ. ಊರಿನ ಮೇಯರ್ ಕೂಡ ಆದವರು. ಊರಿನ ಅಂಗಡಿಯ ಜಗುಲಿಯಲ್ಲಿ ಹಿರಿಯರು ಪೈಪೋಟಿಗೆ ಬಿದ್ದು ಹೇಳುತ್ತಿದ್ದ ಕಟ್ಟುಕಥೆಗಳೇ ಬಾಲಕಿಗೆ ಮೊದಲ ಪಾಠಶಾಲೆ. ಅಮೆರಿಕದ ದಕ್ಷಿಣದಲ್ಲಿ ವರ್ಣಭೇದ ಕಾನೂನಾಗಿದ್ದ ದಿನಗಳಲ್ಲಿ, ತಾನು ಕೀಳು ಎಂಬ ಭಾವನೆಯೇ ಸುಳಿಯದಂತೆ ಬೆಳೆಯುವ ಭಾಗ್ಯ ಎಷ್ಟು ಮಕ್ಕಳಿಗೆ ಸಿಕ್ಕೀತು?

1904ರಲ್ಲಿ ತಾಯಿ ತೀರಿಕೊಂಡರು. ತಂದೆ ಬೇಗನೆ ಮರುಮದುವೆಯಾದರು. ಮಗಳಿಗೆ ಮನೆ ಎರವಾಯಿತು. ಮನೆಗೆಲಸ, ಸಂಚಾರಿ ನಾಟಕ ತಂಡದ ಗಾಯಕಿಯೊಬ್ಬರ ಚಾಕರಿ, ಹೀಗೆ ವರ್ಷಗಳು ಕಳೆದವು. 1917ರಲ್ಲಿ ಬಾಲ್ಟಿಮೋರ್‌ನಲ್ಲಿ ಉಚಿತ ಶಿಕ್ಷಣ ಪಡೆಯಲು ವಯಸ್ಸಿನಲ್ಲಿ ಹತ್ತು ವರ್ಷ ಇಳಿಸಿ ಹೇಳಿದರು. ಇಪ್ಪತ್ತಾರರ ಹೆಣ್ಣು ಹದಿನಾರರ ವಿದ್ಯಾರ್ಥಿನಿಯಾದರು. ಈ ಸುಳ್ಳನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

1925ರಲ್ಲಿ ನ್ಯೂಯಾರ್ಕ್ ಸೇರಿದರು. ಅದೇ ವರ್ಷ ಕಥೆಗೂ ನಾಟಕಕ್ಕೂ ಬಹುಮಾನ ಬಂತು, ಬರ್ನಾರ್ಡ್ ಕಾಲೇಜಿನಲ್ಲಿ ಓದುವ ಅವಕಾಶವೂ ದೊರೆಯಿತು. ಅಲ್ಲಿ ಅವರೊಬ್ಬರೇ ಕಪ್ಪು ವಿದ್ಯಾರ್ಥಿನಿ. ಮಾನವಶಾಸ್ತ್ರಜ್ಞ ಫ್ರಾಂಜ್ ಬೋಸ್ ಅವರನ್ನು 1927ರಲ್ಲಿ ಜಾನಪದ ಸಂಗ್ರಹಕ್ಕೆಂದು ಫ್ಲೋರಿಡಾಕ್ಕೇ ಕಳಿಸಿದರು. ಆ ಮೊದಲ ಯಾತ್ರೆ ಬಹುಮಟ್ಟಿಗೆ ವಿಫಲ. ಕಾಲೇಜಿನ ನಯವಾದ ಮಾತಿನಲ್ಲಿ ಕಥೆ ಕೇಳಿದವರಿಗೆ ಜನ ಏಕೆ ಬಾಯಿ ಬಿಟ್ಟಾರು? ಹಳ್ಳಿಗಳಲ್ಲಿ ಹಾಡು, ಕಥೆ ಸಂಗ್ರಹಿಸಿದ ನಮ್ಮ ಜಾನಪದ ವಿದ್ವಾಂಸರಿಗೂ ಈ ಕಷ್ಟ ಹೊಸದಲ್ಲ. ಮರಳಿ ಹೋದಾಗ ಜೋರಾ ಪಾಠ ಕಲಿತಿದ್ದರು. ಪೋಲ್ಕ್ ಕೌಂಟಿಯ ಮರದ ಕಾರ್ಖಾನೆಯ ಶಿಬಿರದಲ್ಲಿ ತಮ್ಮ ಹೊಳೆಯುವ ಕಾರಿಗೆ ಸಮಜಾಯಿಷಿಯಾಗಿ, ತಾನು ಕಳ್ಳಭಟ್ಟಿ ಮಾರಿ ಪೊಲೀಸರಿಂದ ತಲೆಮರೆಸಿಕೊಂಡವಳು ಎಂದು ನಂಬಿಸಿದರು. ಆಮೇಲೆ ಕಥೆ, ಹಾಡುಗಳು ಹರಿದುಬಂದವು. ಅಸೂಯೆಯಿಂದ ಒಬ್ಬಾಕೆ ಚಾಕು ಹಿಡಿದು ಬಂದಾಗ ಓಡಿ ಪಾರಾಗಬೇಕಾಯಿತು. ಈ ಸಂಗ್ರಹವೇ 1935ರ 'ಮ್ಯೂಲ್ಸ್ ಅಂಡ್ ಮೆನ್'.

ಇದಕ್ಕೆ ತೆತ್ತ ಬೆಲೆಯೂ ಇತ್ತು. ತಿಂಗಳಿಗೆ 200 ಡಾಲರ್ ಕೊಡುತ್ತಿದ್ದ ಶ್ರೀಮಂತ ಬಿಳಿಯ ಪೋಷಕಿ ಷಾರ್ಲಟ್ ಮೇಸನ್, ಸಂಗ್ರಹವೆಲ್ಲ ತನ್ನ ಆಸ್ತಿ ಎಂದು ಕರಾರು ಬರೆಸಿಕೊಂಡಿದ್ದರು. ಹಾರ್ಲೆಮ್ ಯುಗದ ವೈಭವದ ಹಿಂದೆ ಇಂಥ ಕರಾರುಗಳಿದ್ದವು ಎಂಬುದನ್ನು ಮರೆಯಬಾರದು.

1936ರಲ್ಲಿ ಹೈಟಿಯಲ್ಲಿ ಕುಳಿತು ಏಳೇ ವಾರಗಳಲ್ಲಿ ಬರೆದ 'ದೇರ್ ಐಸ್ ವರ್ ವಾಚಿಂಗ್ ಗಾಡ್' ಮರುವರ್ಷ ಪ್ರಕಟವಾಯಿತು. ಈಟನ್‌ವಿಲ್‌ನ ಜಗುಲಿ, 1928ರ ಒಕಿಚೋಬಿ ಸರೋವರದ ಚಂಡಮಾರುತ, ತನ್ನ ಬಾಳನ್ನು ತಾನೇ ಆರಿಸಿಕೊಳ್ಳುವ ಹೆಣ್ಣು, ಎಲ್ಲವೂ ಅದರಲ್ಲಿವೆ. ಆಡುನುಡಿಯ ಈ ಕೃತಿ ಬಿಳಿಯರ ರಂಜನೆಗಾಗಿ ಬರೆದದ್ದೆಂದು ರಿಚರ್ಡ್ ರೈಟ್ ಜರೆದರು. ಇದು ಅನ್ಯಾಯದ ಮಾತು. ತನ್ನ ಜನರ ಬದುಕಿನಲ್ಲಿ ದುಃಖವಷ್ಟೇ ಇಲ್ಲ ಎನ್ನುವುದು ರಂಜನೆಯಲ್ಲ. ಹಾಗೆಂದು ಅವರ ಎಲ್ಲ ನಿಲುವುಗಳನ್ನೂ ಸಮರ್ಥಿಸಲಾಗದು. ಶಾಲೆಗಳಲ್ಲಿ ವರ್ಣಭೇದ ಅಸಾಂವಿಧಾನಿಕವೆಂಬ 1954ರ ತೀರ್ಪನ್ನು ಅವರು ಮರುವರ್ಷ ಬಹಿರಂಗವಾಗಿ ಟೀಕಿಸಿದರು. ಬಿಳಿಯರ ಪಕ್ಕ ಕುಳಿತರಷ್ಟೇ ಕಲಿಕೆಯೇ ಎಂಬ ಈಟನ್‌ವಿಲ್‌ನ ಸ್ವಾಭಿಮಾನ ಅದರ ಹಿಂದಿತ್ತು. ಆದರೆ ಲಾಭ ಪಡೆದವರು ವರ್ಣಭೇದದ ಪಕ್ಷಪಾತಿಗಳು.

ಪುಸ್ತಕಗಳು ಹೊಟ್ಟೆ ಹೊರೆಯಲಿಲ್ಲ. 1950ರಲ್ಲಿ ಮಯಾಮಿಯಲ್ಲಿ ಮನೆಗೆಲಸಕ್ಕೆ ನಿಂತಿದ್ದರು. 1960ರ ಜನವರಿ 28ರಂದು ಫೋರ್ಟ್ ಪಿಯರ್ಸ್‌ನಲ್ಲಿ ತೀರಿಕೊಂಡಾಗ ಅವರಿದ್ದದ್ದು ಸರ್ಕಾರಿ ಅನಾಥಾಲಯದಂಥ ಆಶ್ರಯದಲ್ಲಿ. ಅಂತ್ಯಕ್ರಿಯೆಗೆ ಜನ ಚಂದಾ ಎತ್ತಿದರು. ಸಮಾಧಿಗೆ ಕಲ್ಲು ಹಾಕಿಸಲಿಲ್ಲ. ಅವರ ಕಾಗದಪತ್ರಗಳಿಗೆ ಬೆಂಕಿ ಹಚ್ಚಲಾಗಿತ್ತು. ದಾರಿಯಲ್ಲಿ ಹೋಗುತ್ತಿದ್ದ ಪರಿಚಿತ ಪೊಲೀಸ್ ಅಧಿಕಾರಿಯೊಬ್ಬರು ಅದನ್ನು ಆರಿಸಿ ಉಳಿದಷ್ಟನ್ನು ಕಾಪಾಡಿದರು.

1973ರಲ್ಲಿ ಲೇಖಕಿ ಆಲಿಸ್ ವಾಕರ್ ಆ ಸ್ಮಶಾನದ ಕಳೆಗಿಡಗಳ ನಡುವೆ ಹುಡುಕಾಡಿ, ಇದೇ ಇರಬೇಕೆಂದು ತೋರಿದ ಜಾಗದಲ್ಲಿ ಕಲ್ಲು ನೆಡಿಸಿದರು. ಅದರ ಮೇಲೆ ಕೆತ್ತಿರುವ ಜನ್ಮವರ್ಷ 1901.