ಮೆದುಳಿನ ಅಲೆಗಳನ್ನು ಕಂಡ ಹ್ಯಾನ್ಸ್ ಬರ್ಗರ್

ಎದೆಯ ಬಡಿತ ನಿಂತರೆ ಮನುಷ್ಯನ ಕಥೆ ಮುಗಿಯಿತೆಂದು ನಮ್ಮ ಹಿರಿಯರು ತಿಳಿಯುತ್ತಿದ್ದರು. ಮೂಗಿನ ಬಳಿ ಹತ್ತಿಯ ಎಳೆಯನ್ನು ಹಿಡಿದು, ಅದು ಅಲುಗದಿದ್ದರೆ ತಲೆಯ ಕಡೆಗೆ ದೀಪ ಹಚ್ಚಿಡುತ್ತಿದ್ದರು. ಆದರೆ ಹೃದಯ ನಿಂತೊಡನೆಯೇ ಮೆದುಳು ಸಾಯುವುದಿಲ್ಲ. ರಕ್ತದ ಓಟ ನಿಂತ ಸುಮಾರು ಹತ್ತು ಸೆಕೆಂಡಿಗೆ ಎಚ್ಚರ ತಪ್ಪುತ್ತದೆ. ಅರ್ಧ ನಿಮಿಷದೊಳಗಾಗಿ ಮೆದುಳಿನ ವಿದ್ಯುತ್ತಿನ ಚಟುವಟಿಕೆ ಅಡಗುತ್ತದೆ. ನಾಲ್ಕೈದು ನಿಮಿಷ ಕಳೆದರೆ ಅದರ ಜೀವಕೋಶಗಳಿಗೆ ಹಾನಿ ತಟ್ಟಲಾರಂಭಿಸುತ್ತದೆ. ಈ ನಡುವಿನ ಅವಧಿಯಲ್ಲಿಯೇ ವೈದ್ಯನು ಎದೆಯನ್ನು ಒತ್ತಿ ಒತ್ತಿ ರಕ್ತವನ್ನು ಹರಿಸಲು ಹೆಣಗುವುದು. ಒತ್ತುತ್ತಿರುವಾಗ ತಲೆಯೊಳಗೆ ಏನು ನಡೆಯುತ್ತಿದೆ? ನಾಡಿಯಾಗಲಿ ಉಸಿರಾಗಲಿ ಇದಕ್ಕೆ ಉತ್ತರ ಹೇಳವು. ಉತ್ತರ ಹೇಳಬಲ್ಲ ಸಾಧನಗಳಲ್ಲಿ ಮುಖ್ಯವಾದುದು ಮೆದುಳಿನ ಅಲೆಗಳನ್ನು ಬರೆಯುವ ಇ.ಇ.ಜಿ. ಯಂತ್ರ. ಮನುಷ್ಯನ ತಲೆಯಿಂದ ಆ ಅಲೆಗಳನ್ನು ಮೊಟ್ಟಮೊದಲು ಪಡೆದವನು ಜರ್ಮನಿಯ ಹ್ಯಾನ್ಸ್ ಬರ್ಗರ್.

ಈತನು 1873ರ ಮೇ 21ರಂದು ಕೋಬುರ್ಗ್ ಪಟ್ಟಣದ ಹತ್ತಿರದ ನಾಯ್ಸೆಸ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ವೈದ್ಯ. ತಾಯಿಯ ತಂದೆಯಾದ ಫ್ರೀಡ್ರಿಖ್ ರ‍್ಯೂಕರ್ಟ್ ಹೆಸರಾಂತ ಕವಿ. ಪೂರ್ವದೇಶಗಳ ಭಾಷೆಗಳಲ್ಲಿ ಪಾರಂಗತನಾಗಿ, ನಮ್ಮ ನಳದಮಯಂತಿಯ ಕಥೆಯನ್ನು ಜರ್ಮನ್ ಕಾವ್ಯವಾಗಿಸಿದವನು. ಮೊಮ್ಮಗನಿಗೆ ಮೊದಲು ಹಿಡಿಸಿದ್ದು ನಕ್ಷತ್ರಗಳ ಹುಚ್ಚು. ಖಗೋಳ ವಿಜ್ಞಾನಿಯಾಗಬೇಕೆಂದು ಗಣಿತವನ್ನು ಕಲಿಯಹೊರಟವನು, ಸ್ವಲ್ಪ ಕಾಲದಲ್ಲಿಯೇ ಅದನ್ನು ಬಿಟ್ಟು ಒಂದು ವರ್ಷದ ಸೈನ್ಯಸೇವೆಗೆ ಸೇರಿದನು.

ಅಲ್ಲಿ ನಡೆದ ಒಂದು ಘಟನೆ ಅವನ ಬಾಳಿನ ದಿಕ್ಕನ್ನೇ ಬದಲಿಸಿತು. ವ್ಯೂರ್ತ್ಸ್‌ಬುರ್ಗ್‌ನಲ್ಲಿ ಕವಾಯತಿನ ವೇಳೆ ಕುದುರೆಯು ಬೆದರಿ ಅವನನ್ನು ಕೆಡವಿತು. ಬಿದ್ದದ್ದು ಫಿರಂಗಿಯನ್ನು ಎಳೆದು ತರುತ್ತಿದ್ದ ಬಂಡಿಯ ಮುಂದೆ. ಚಕ್ರ ಮೈಮೇಲೆ ಹಾಯುವಷ್ಟರಲ್ಲಿ ಬಂಡಿ ನಿಂತಿತು. ಅಂದೇ ಸಂಜೆ ತಂದೆಯಿಂದ ಕ್ಷೇಮ ವಿಚಾರಿಸಿ ತಂತಿ ಬಂದಿತು. ದೂರದ ಊರಿನಲ್ಲಿದ್ದ ಅವನ ಅಕ್ಕನಿಗೆ ತಮ್ಮನು ಅಪಾಯದಲ್ಲಿರುವನೆಂದು ತಟ್ಟನೆ ಅನಿಸಿ, ಅವಳೇ ತಂದೆಯನ್ನು ಕಾಡಿ ಅದನ್ನು ಕಳಿಸಿದ್ದಳು. ಕಾಕತಾಳೀಯವೆಂದು ನಾವು ನಕ್ಕು ಬಿಡಬಹುದು. ನನಗೂ ಹಾಗೆಯೇ ತೋರುತ್ತದೆ. ಬರ್ಗರನು ನಗಲಿಲ್ಲ. ಮನಸ್ಸಿನ ಶಕ್ತಿಯು ಮೆದುಳಿನಿಂದ ಹೊರಡುವ ಭೌತಶಕ್ತಿಯೇ ಆಗಿದ್ದರೆ ಅದನ್ನು ಅಳೆಯಬಹುದಲ್ಲವೆ ಎಂಬ ಯೋಚನೆ ಅವನನ್ನು ಹಿಡಿಯಿತು. ನಕ್ಷತ್ರಗಳನ್ನು ಬಿಟ್ಟು ವೈದ್ಯಶಾಸ್ತ್ರಕ್ಕೆ ತಿರುಗಿದನು. ಹೀಗೆ ಒಂದು ತಪ್ಪು ಊಹೆಯು ಒಂದು ದೊಡ್ಡ ನಿಜದ ಬಾಗಿಲಿಗೆ ಅವನನ್ನು ಕರೆದೊಯ್ದಿತು.

1897ರಲ್ಲಿ ಯೇನಾ ವಿಶ್ವವಿದ್ಯಾನಿಲಯದಿಂದ ಪದವಿ ಪಡೆದು ಅಲ್ಲಿನ ಮಾನಸಿಕ ರೋಗಗಳ ಚಿಕಿತ್ಸಾಲಯದಲ್ಲಿಯೇ ಕೆಲಸಕ್ಕೆ ನಿಂತನು. ಮಹಾಯುದ್ಧದ ವರ್ಷಗಳನ್ನು ಬಿಟ್ಟರೆ ಅವನ ವೃತ್ತಿಜೀವನವೆಲ್ಲ ಅಲ್ಲೇ ಕಳೆಯಿತು. ಮದುವೆಯಾದದ್ದು 1911ರಲ್ಲಿ, 1919ರಲ್ಲಿ ಚಿಕಿತ್ಸಾಲಯದ ಮುಖ್ಯಸ್ಥನಾದನು. ಹಗಲೆಲ್ಲ ಗಡಿಯಾರದ ಮುಳ್ಳಿನಂತೆ ಆಡಳಿತ. ಮಿತಭಾಷಿ, ಶಿಸ್ತಿನವನು, ಕೈಕೆಳಗಿನವರಿಗೆ ಅಷ್ಟೇನೂ ಹತ್ತಿರವಾಗದವನು. ಮೆದುಳಿನ ರಕ್ತಸಂಚಾರವನ್ನು ಅಳೆದನು, ಅದರ ಉಷ್ಣತೆಯನ್ನು ಅಳೆದನು. ಯಾವುದರಿಂದಲೂ ತಾನು ಹುಡುಕುತ್ತಿದ್ದುದು ದೊರೆಯಲಿಲ್ಲ.

ಮೊಲ ಕೋತಿಗಳ ಮೆದುಳಿನಲ್ಲಿ ವಿದ್ಯುತ್ ಇರುವುದನ್ನು ಲಿವರ್‌ಪೂಲಿನ ರಿಚರ್ಡ್ ಕೇಟನ್ 1875ರಲ್ಲಿಯೇ ತೋರಿಸಿದ್ದನು. ಮನುಷ್ಯನ ತಲೆಬುರುಡೆಯ ಹೊರಗಿನಿಂದ ಅದನ್ನು ಹಿಡಿಯುವುದು ಬೇರೆಯೇ ಮಾತು. ಹೃದಯದ ವಿದ್ಯುತ್ತು ಚರ್ಮದ ಮೇಲೆ ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲಿನಷ್ಟಿದ್ದರೆ, ಮೆದುಳಿನದು ಲಕ್ಷದಲ್ಲಿ ಕೆಲವೇ ಪಾಲು. ಹೃದಯದ ಬಡಿತವನ್ನು ತಂತಿಯ ಗ್ಯಾಲ್ವನೋಮೀಟರಿನಿಂದ ಬರೆದ ಐಂತೋವನ್‌ಗೆ 1924ರಲ್ಲಿ ನೊಬೆಲ್ ಬಹುಮಾನ ಬಂದಿತು. ಅಂತಹದೇ ಸಾಧನವನ್ನು ಇಟ್ಟುಕೊಂಡು ಬರ್ಗರನು ಅದೇ ವರ್ಷದ ಜುಲೈ ತಿಂಗಳಲ್ಲಿ, ಶಸ್ತ್ರಚಿಕಿತ್ಸೆಯಿಂದ ತಲೆಬುರುಡೆಯಲ್ಲಿ ತೆರವುಂಟಾಗಿದ್ದ ಹದಿನೇಳರ ಹುಡುಗನೊಬ್ಬನ ಮೆದುಳಿನ ಕಂಪನವನ್ನು ಕಂಡನು. ದಾರವು ಅಲುಗಿತು, ಅಷ್ಟೆ. ಅವನಿಗಾಗ ವಯಸ್ಸು ಐವತ್ತೊಂದು.

ಇಲ್ಲಿಂದ ಮುಂದಿನ ಐದು ವರ್ಷಗಳೇ ನನಗೆ ಅವನ ಜೀವನದಲ್ಲಿ ಅತ್ಯಂತ ಸ್ವಾರಸ್ಯವಾಗಿ ಕಾಣುವುದು. ಬೇರೆಯವನಾಗಿದ್ದರೆ ಮರುದಿನವೇ ಲೋಕಕ್ಕೆ ಸಾರುತ್ತಿದ್ದನು. ಬರ್ಗರನು ಬಾಯಿ ಬಿಡಲಿಲ್ಲ. ಆಸ್ಪತ್ರೆಯ ಕೆಲಸ ಮುಗಿದ ಮೇಲೆ ಸಂಜೆಯ ಹೊತ್ತು ಗುಟ್ಟಾಗಿ ಪ್ರಯೋಗ ಮುಂದುವರಿಸಿದನು. ತಾನು ಕಂಡದ್ದು ಮೆದುಳಿನದೇ, ಅಥವಾ ರಕ್ತನಾಳದ ಮಿಡಿತವೋ, ನೆತ್ತಿಯ ಸ್ನಾಯುಗಳ ಸೆಳೆತವೋ, ಹೃದಯದ ವಿದ್ಯುತ್ತು ತಲೆಗೇರಿದುದೋ ಎಂಬ ಸಂಶಯ ಅವನನ್ನು ಬಿಡಲಿಲ್ಲ. ಆದ್ದರಿಂದ ಮೆದುಳಿನ ರೇಖೆಯ ಕೆಳಗೆ ಹೃದಯದ ರೇಖೆಯನ್ನೂ ಬರೆಯಿಸಿ, ಎರಡನ್ನೂ ಹೋಲಿಸಿ ನೋಡಿದನು. ಮಗನಾದ ಕ್ಲೌಸ್‌ನನ್ನು ಎಷ್ಟೋ ಬಾರಿ ಪ್ರಯೋಗಕ್ಕೆ ಕೂರಿಸಿದನು. ಕಣ್ಣು ಮುಚ್ಚಿ ಸುಮ್ಮನೆ ಕುಳಿತವನಲ್ಲಿ ಸೆಕೆಂಡಿಗೆ ಹತ್ತರಂತೆ ದೊಡ್ಡ ಅಲೆಗಳೇಳುವುವು. ಕಣ್ಣು ತೆರೆದೊಡನೆ ಅವು ಅಡಗಿ ಸಣ್ಣ, ಚುರುಕಾದ ಅಲೆಗಳು ಉಳಿಯುವುವು. ಮೊದಲನೆಯವಕ್ಕೆ ಆಲ್ಫಾ, ಎರಡನೆಯವಕ್ಕೆ ಬೀಟಾ ಎಂದು ಹೆಸರಿಟ್ಟನು. 1929ರಲ್ಲಿ ಮೊದಲ ಲೇಖನ ಹೊರಬಂದಿತು. 1938ರವರೆಗೆ ಒಂದೇ ತಲೆಬರಹದಲ್ಲಿ ಹದಿನಾಲ್ಕು ಲೇಖನಗಳನ್ನು ಬರೆದನು. ಮೂರ್ಛೆರೋಗದಲ್ಲಿ ಅಲೆಗಳು ಕೆಡುವುದನ್ನೂ, ಅರಿವಳಿಕೆಯಲ್ಲಿ ಅವು ಬದಲಾಗುವುದನ್ನೂ ಅವುಗಳಲ್ಲಿ ಕಾಣಬಹುದು.

ಪಂಡಿತರು ನಂಬಲಿಲ್ಲ. ಯಂತ್ರಶಾಸ್ತ್ರದಲ್ಲಿ ಪಳಗದ ಮನೋವೈದ್ಯನೊಬ್ಬನು ಇಷ್ಟು ಸೂಕ್ಷ್ಮವಾದುದನ್ನು ಕಂಡನೆಂದರೆ ಯಾರಿಗೆ ರುಚಿಸೀತು? 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಅಲೆಗಳನ್ನು ವಿದ್ವಾಂಸರ ಸಭೆಯೆದುರಿಗೆ ತೋರಿಸಿದಾಗ ಮಾತು ನಿಂತಿತು. ಏಡ್ರಿಯನ್ ಆಗಲೇ ನೊಬೆಲ್ ಪಡೆದಿದ್ದವನು. ಆದರೂ ಶ್ರೇಯಸ್ಸನ್ನು ತಾನು ಇಟ್ಟುಕೊಳ್ಳದೆ ಆ ಲಯಕ್ಕೆ ಬರ್ಗರನ ಹೆಸರನ್ನೇ ಕೊಟ್ಟನು.

ಇಲ್ಲಿಗೆ ನಿಲ್ಲಿಸಿದ್ದರೆ ಚರಿತ್ರೆ ಚೆಂದವಾಗಿತ್ತು. ನಾಟ್ಸಿಗಳು ಅವನನ್ನು ಹುದ್ದೆಯಿಂದ ಓಡಿಸಿದರು, ಆ ನೋವಿನಲ್ಲಿಯೇ ಅವನು ಸತ್ತನು ಎಂದು ಬಹುಕಾಲ ಬರೆಯುತ್ತಾ ಬಂದರು. ಈಚೆಗೆ ಕಡತಗಳನ್ನು ತೆರೆದವರು ಬೇರೆಯೇ ಸಂಗತಿಯನ್ನು ಕಂಡಿದ್ದಾರೆ. 1938ರಲ್ಲಿ ಅವನು ನಿವೃತ್ತನಾದದ್ದು ಅರವತ್ತೈದು ತುಂಬಿದ ಮೇಲೆ. ಪಕ್ಷದ ಸದಸ್ಯನಲ್ಲದಿದ್ದರೂ ಎಸ್.ಎಸ್. ದಳಕ್ಕೆ ಹಣ ಕೊಡುವ ಪೋಷಕ ಸದಸ್ಯನಾಗಿದ್ದನು. ಆನುವಂಶಿಕ ರೋಗಗಳ ನೆಪದಲ್ಲಿ ಜನರನ್ನು ಬಲವಂತವಾಗಿ ಸಂತಾನಹೀನರನ್ನಾಗಿಸುವ 1933ರ ಕಾನೂನಿನ ಮೇಲ್ಮನವಿ ನ್ಯಾಯಾಲಯವೊಂದು ಯೇನಾದಲ್ಲಿತ್ತು. ಅದರಲ್ಲಿ ಅವನು ಕುಳಿತು ತೀರ್ಪು ಕೊಟ್ಟನು. ಆ ಕಾನೂನು ಹೆಸರಿಸಿದ ರೋಗಗಳಲ್ಲಿ ಮೂರ್ಛೆರೋಗವೂ ಒಂದು. ಯಾರ ಮೆದುಳಿನ ಅಲೆಗಳನ್ನು ಅಷ್ಟು ತಾಳ್ಮೆಯಿಂದ ಬರೆದನೋ, ಅಂತಹವರ ವಂಶವನ್ನು ಅಳಿಸುವ ಸಭೆಯಲ್ಲಿ ಅವನು ಹೇಗೆ ಕುಳಿತನು? ಕಾಲ ಹಾಗಿತ್ತೆಂಬ ಸಮಾಧಾನ ನನಗೆ ಸಾಲದು. ತನ್ನ ರೇಖೆಯ ಮೇಲೆಯೇ ಐದು ವರ್ಷ ಸಂಶಯಪಟ್ಟವನು ಆ ಕಾನೂನಿನ ಮೇಲೆ ಒಂದು ದಿನವಾದರೂ ಸಂಶಯಪಡಬಹುದಿತ್ತು.

ಕೊನೆಯ ದಿನಗಳಲ್ಲಿ ತೀವ್ರವಾದ ಖಿನ್ನತೆ ಅವನನ್ನು ಆವರಿಸಿತು. 1941ರ ಜೂನ್ 1ರಂದು ಆಸ್ಪತ್ರೆಯಲ್ಲಿಯೇ ಆತ್ಮಹತ್ಯೆ ಮಾಡಿಕೊಂಡನು.

ಬಾಲ್ಟಿಮೋರಿನ ಕೌವೆನ್‌ಹೋವನ್, ಜೂಡ್ ಮತ್ತು ನಿಕರ್‌ಬಾಕರ್ ಎಂಬವರು ಎದೆಯನ್ನು ಸೀಳದೆ ಹೊರಗಿನಿಂದ ಒತ್ತಿ ಹೃದಯವನ್ನು ನಡೆಸಬಹುದೆಂದು ಪ್ರಕಟಿಸಿದ್ದು 1960ರಲ್ಲಿ. ಬರ್ಗರನ ಅಲೆಗಳಿಗೂ ಈ ವಿಧಾನಕ್ಕೂ ನಂಟು ಬೆಳೆದದ್ದು ಆಮೇಲೆ. ಎಷ್ಟು ಚೆನ್ನಾಗಿ ಒತ್ತಿದರೂ ಹರಿಯುವ ರಕ್ತ ಸಹಜ ಓಟದ ಕಾಲು ಭಾಗ, ಹೆಚ್ಚೆಂದರೆ ಮೂರರಲ್ಲೊಂದು ಭಾಗ. ಅಷ್ಟರಿಂದ ಮೆದುಳು ಏಳಬಲ್ಲುದೆ? ಸ್ಯಾಮ್ ಪಾರ್ನಿಯಾ ಎಂಬ ವೈದ್ಯನೂ ಸಂಗಡಿಗರೂ ಅಮೆರಿಕ ಮತ್ತು ಬ್ರಿಟನ್ನಿನ 25 ಆಸ್ಪತ್ರೆಗಳಲ್ಲಿ ಹೃದಯ ನಿಂತ 567 ರೋಗಿಗಳನ್ನು ಕುರಿತು ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಿಂದ ಬದುಕಿ ಹೊರಬಂದವರು 53 ಜನ ಮಾತ್ರ. ಚಿಕಿತ್ಸೆಯ ನಡುವೆಯೇ ಹಣೆಗೆ ಬೆಳಕಿನ ಸಾಧನವೊಂದನ್ನು ಅಂಟಿಸಿ ಮೆದುಳಿನ ಆಮ್ಲಜನಕವನ್ನು ಅಳೆದರು; ಕೆಲವರಿಗೆ ಇ.ಇ.ಜಿ.ಯನ್ನೂ ತೊಡಿಸಿದರು. ಹಲವರಲ್ಲಿ ರೇಖೆ ಚಪ್ಪಟೆಯಾಗಿತ್ತು. ಆದರೆ ಕೆಲವರಲ್ಲಿ, ಒತ್ತಲು ತೊಡಗಿ ಮೂವತ್ತೈದರಿಂದ ಅರವತ್ತು ನಿಮಿಷ ಕಳೆದ ಮೇಲೂ, ಸಹಜಕ್ಕೆ ಹತ್ತಿರವಾದ ಅಲೆಗಳು ಕಾಣಿಸಿಕೊಂಡವು. ಕ್ಲೌಸ್ ಕಣ್ಣು ಮುಚ್ಚಿ ಕುಳಿತಾಗ ತಂದೆಯು ಕಂಡಿದ್ದ ಆಲ್ಫಾ ಅಲೆಯೂ ಅವುಗಳಲ್ಲಿತ್ತು.

ಬರ್ಗರನನ್ನು ಕಾಡಿದ ಹಳೆಯ ಸಂಶಯ ಇಲ್ಲಿಯೂ ತಪ್ಪಿದ್ದಲ್ಲ. ಎದೆಯನ್ನು ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಒತ್ತುವಾಗ ಮೈಯೆಲ್ಲ ಕುಲುಕಿ, ತಲೆಯ ತಂತಿಗಳು ಅಲುಗಿ, ಇಲ್ಲದ ಅಲೆಗಳೂ ಕಾಗದದ ಮೇಲೆ ಮೂಡುತ್ತವೆ. ಆದುದರಿಂದ ನಾಡಿಯನ್ನು ನೋಡಲೆಂದು ಕೈ ತೆಗೆಯುವ ಆ ಕೆಲವೇ ಸೆಕೆಂಡುಗಳಲ್ಲಿ ರೇಖೆಯನ್ನು ಓದಿಕೊಳ್ಳಬೇಕು. ಓದಿದ ಕೂಡಲೆ ಮತ್ತೆ ಒತ್ತಬೇಕು.