ಮೆಟ್ರಿಕ್ ಪಾಸಾಗದ ಡಿ.ವಿ.ಜಿ.

ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಮೆಟ್ರಿಕ್ ಪರೀಕ್ಷೆ ಪಾಸಾಗದವರೊಬ್ಬರ ಜೀವನ ಬರೆಯುವುದೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಈ ಶಾಲೆಯಲ್ಲಿ ಓದಿದ ಯಾರನ್ನೇ ಕೇಳಿ, ಪ್ರಾರ್ಥನೆಯ ಹೊತ್ತಿಗೆ ಕರಿಹಲಗೆಯ ಮೇಲೆ ಬರೆದಿರುತ್ತಿದ್ದ ಮಂಕುತಿಮ್ಮನ ಕಗ್ಗದ ಒಂದೆರಡು ಪದ್ಯಗಳಾದರೂ ಅವರಿಗೆ ಬಾಯಿಗೆ ಬರುತ್ತವೆ. ಪದ್ಯ ಎಲ್ಲರಿಗೂ ಗೊತ್ತು. ಅದನ್ನು ಬರೆದವರು ದಿನ ಕಳೆದದ್ದು ಹೇಗೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು 1887ರ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದರು. ಶಾಲೆಯ ಓದು ಮೆಟ್ರಿಕ್ಕಿನ ಬಾಗಿಲಲ್ಲೇ ನಿಂತುಹೋಯಿತು. ಅಲ್ಲಿಂದ ಮುಂದೆ ಸಂಸ್ಕೃತ, ಇಂಗ್ಲಿಷ್, ವೇದಾಂತ, ರಾಜ್ಯಶಾಸ್ತ್ರ ಎಲ್ಲವನ್ನೂ ಬಲ್ಲವರ ಬಳಿ ಕೇಳಿ, ಸ್ವಂತ ಓದಿನಿಂದ ಸಂಪಾದಿಸಿಕೊಂಡರು. ಹೊಟ್ಟೆಪಾಡಿಗೆ ಹಲವು ಕೆಲಸಗಳಾದವು. ಬೆಂಗಳೂರಿಗೆ ಬಂದ ಹೊಸದರಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಕಾರ್ಖಾನೆಯಲ್ಲೂ ಇದ್ದರು. ಮುಂದೆ ಅದೇ ಜಟಕಾ ಅವರ ಅತ್ಯಂತ ಹೆಸರಾದ ಪದ್ಯದಲ್ಲಿ ಬಂದಿತು. ಅದನ್ನು ಇಲ್ಲಿ ಬರೆಯಬೇಕಾಗಿಲ್ಲ, ಓದುಗರು ಈಗಾಗಲೇ ಮನಸ್ಸಿನಲ್ಲಿ ಹೇಳಿಕೊಂಡಿರುತ್ತಾರೆ.

ಕೊನೆಗೆ ಅವರು ಹಿಡಿದದ್ದು ಪತ್ರಿಕೆಯ ಕೆಲಸ. ಮೈಸೂರು ಸಂಸ್ಥಾನದಲ್ಲಿ 1908ರ ಪತ್ರಿಕಾ ಶಾಸನ ಜಾರಿಯಾಗಿ, ಪತ್ರಿಕೆ ನಡೆಸುವುದೆಂದರೆ ಸರ್ಕಾರದ ಕೃಪೆಯಲ್ಲಿರುವುದು ಎನ್ನುವಂತಾಗಿದ್ದ ಕಾಲ ಅದು. 1913ರಲ್ಲಿ ಅವರು ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ಆರಂಭಿಸಿದರು. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು. ಗುಂಡಪ್ಪನವರಿಗಿಂತ ವಯಸ್ಸಿನಲ್ಲಿ ಬಹಳ ದೊಡ್ಡವರಾದ ದಿವಾನರು ಈ ಯುವ ಸಂಪಾದಕರ ಮಾತಿಗೆ ಬೆಲೆ ಕೊಡುತ್ತಿದ್ದರು. ವಿಶ್ವಾಸ ಹೀಗೆ ಬೆಳೆದಲ್ಲೇ ಕಷ್ಟವೂ ಹುಟ್ಟಿತು.

ಸರ್ಕಾರದ ಪರವಾಗಿ ಕೆಲವು ಬರವಣಿಗೆಯ ಕೆಲಸಗಳು ಅವರ ಪಾಲಿಗೆ ಬಂದವು. ಅವರು ಮಾಡಿಕೊಟ್ಟರು. ಸಂಭಾವನೆಯ ಚೆಕ್ಕೂ ಬಂತು. ದುಡಿದದ್ದಕ್ಕೆ ಕೂಲಿ ತೆಗೆದುಕೊಳ್ಳುವುದರಲ್ಲಿ ತಪ್ಪೇನು? ನಾವು ಯಾರೇ ಆದರೂ ಮರುದಿನವೇ ಬ್ಯಾಂಕಿನ ಮುಂದೆ ನಿಂತಿರುತ್ತಿದ್ದೆವು. ಆದರೆ ಪತ್ರಿಕೆಯವನು ಸರ್ಕಾರದ ಹಣ ಮುಟ್ಟಿದರೆ, ನಾಳೆ ಅದೇ ಸರ್ಕಾರದ ತಪ್ಪನ್ನು ಬರೆಯಬೇಕಾಗಿ ಬಂದಾಗ ಕೈ ಸ್ವಲ್ಪವಾದರೂ ತಡೆಯುತ್ತದೆ. ಪ್ರಜೆಯಾಗಿ ನಾಡಿನ ಕೆಲಸ ಮಾಡಬಹುದು, ಅದಕ್ಕೆ ಬೆಲೆ ಕಟ್ಟಿಸಿಕೊಳ್ಳಬಾರದು ಎಂಬುದು ಅವರ ನಿಲುವು. ಗುಂಡಪ್ಪನವರು ಚೆಕ್ಕುಗಳನ್ನು ಪೆಟ್ಟಿಗೆಯೊಳಗೆ ಇಟ್ಟುಬಿಟ್ಟರು, ಬ್ಯಾಂಕಿಗೆ ಕಟ್ಟಲಿಲ್ಲ. ಕೊಟ್ಟವರ ಎದುರು ಬೇಡವೆಂದು ಜಗಳವಾಡುವುದಕ್ಕಿಂತ ಇದು ಮೆತ್ತಗಿನ ದಾರಿ ಎಂದು ಅವರಿಗೆ ಕಂಡಿರಬೇಕು.

ಅವರ ಪತ್ನಿ ಭಾಗೀರಥಮ್ಮನವರ ವಿಷಯದಲ್ಲಿ ಹೇಳುವ ಒಂದು ಸಂಗತಿ ಬಹಳ ಪ್ರಸಿದ್ಧ. ಬಂಧುಗಳ ಮನೆಯಲ್ಲಿ ಸಮಾರಂಭ. ಮನೆಯವರೆಲ್ಲ ಹೋದರು, ಆಕೆ ಮಾತ್ರ ಹೋಗಲಿಲ್ಲ. ಗಂಡ ಕಾರಣ ಕೇಳಿದಾಗ ತಿಳಿದದ್ದು, ಉಡಲು ಇದ್ದದ್ದು ಒಂದೇ ಸೀರೆ, ಅದೂ ಹರಿದಿತ್ತು. ಅದನ್ನುಟ್ಟು ನಾಲ್ಕು ಜನರ ನಡುವೆ ಹೋದರೆ ಜನ ತನ್ನನ್ನಲ್ಲ, ದಿವಾನರ ಸ್ನೇಹಿತರೆನಿಸಿಕೊಂಡ ಗಂಡನನ್ನು ಆಡಿಕೊಳ್ಳುತ್ತಾರೆ, ಅವರ ಮರ್ಯಾದೆ ಉಳಿಸುವುದು ತನ್ನ ಕೆಲಸ ಎಂದು ಆಕೆ ಯೋಚಿಸಿದ್ದರು.

ಸಭೆಗಳಲ್ಲಿ ಈ ಎರಡು ಕಥೆಗಳನ್ನು ಬೇರೆ ಬೇರೆಯಾಗಿ ಹೇಳುವುದು ರೂಢಿ. ಚೆಕ್ಕಿನ ಕಥೆಗೆ ಚಪ್ಪಾಳೆ, ಸೀರೆಯ ಕಥೆಗೆ ನಿಟ್ಟುಸಿರು. ಆದರೆ ಪೆಟ್ಟಿಗೆಯಲ್ಲಿ ಉಳಿದ ದುಡ್ಡೂ ಸೀರೆಗೆ ಇಲ್ಲದೆಹೋದ ದುಡ್ಡೂ ಒಂದೇ ಸಂಸಾರದ್ದು. ಗಂಡಸು ಒಂದು ವ್ರತ ಹಿಡಿದಾಗ ಅದರ ಉಪವಾಸ ಅಡುಗೆಮನೆಯಲ್ಲಿರುವವರಿಗೂ ತಟ್ಟುತ್ತದೆ. ಅವರನ್ನು ಕೇಳಿ ಹಿಡಿದ ವ್ರತವೇ ಅದು? ಗುಂಡಪ್ಪನವರ ಮೇಲೆ ನನಗಿರುವ ಗೌರವ ಕಡಿಮೆಯಾಗದೆಯೇ ಈ ಪ್ರಶ್ನೆ ನನ್ನಲ್ಲಿ ಉಳಿದಿದೆ. ಇನ್ನೊಂದು ಮಾತನ್ನೂ ಸೇರಿಸಬೇಕು. ಭಾಗೀರಥಮ್ಮನವರು ಸುಮ್ಮನೆ ಸಹಿಸಿದವರಲ್ಲ. ಹೋಗುವುದೋ ಬಿಡುವುದೋ ಎಂದು ತಾವೇ ತೂಗಿ ನೋಡಿ ತೀರ್ಮಾನಿಸಿದರು. ಧರ್ಮಸೂಕ್ಷ್ಮದ ವಿಚಾರದಲ್ಲಿ ಆಕೆ ಗಂಡನಿಗೆ ಸರಿಸಮಾನರು. ಆಕೆ ಬೇಗನೆ ತೀರಿಕೊಂಡರು. ಗುಂಡಪ್ಪನವರು ಮತ್ತೆ ಮದುವೆಯಾಗಲಿಲ್ಲ.

ಮುಂದಿನ ವರ್ಷಗಳಲ್ಲಿ ಸ್ಥಾನಮಾನಗಳು ಬಂದವು: 1932ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಮೈಸೂರು ವಿಧಾನ ಪರಿಷತ್ತಿನ ಸದಸ್ಯತ್ವ, ಸಾಹಿತ್ಯ ಪರಿಷತ್ತಿನ ಹೊಣೆ. 1943ರಲ್ಲಿ ಕಗ್ಗ ಹೊರಬಂದಿತು. ಕಗ್ಗ ಎಂದರೆ ಗೊಜಲು ಮಾತು, ಮಂಕುತಿಮ್ಮ ಎಂದರೆ ಅಷ್ಟೇನೂ ಚುರುಕಿಲ್ಲದ ಹಳ್ಳಿಯವ. ಉಪನಿಷತ್ತು ಕೇಳಿದ ಪ್ರಶ್ನೆಗಳನ್ನೇ ಅವರು ಇಂಥವನ ಬಾಯಿಗೆ ಕೊಟ್ಟರು. ದೇವರಿದ್ದಾನೋ ಇಲ್ಲವೋ ತಿಳಿಯುವ ತನಕ ಉಣ್ಣದೆ, ದುಡಿಯದೆ, ನೆರೆಹೊರೆಗೆ ಆಗದೆ ಕೂರಲಾದೀತೇ? ಅನ್ಯಾಯ ಕಂಡೂ ನಗುತ್ತ ಬಾಳುವುದು ಹೇಗೆ? ಒಂಬೈನೂರಕ್ಕೂ ಹೆಚ್ಚು ಪದ್ಯಗಳಲ್ಲಿ ಇಂಥ ಪ್ರಶ್ನೆಗಳೇ ತಿರುತಿರುಗಿ ಬರುತ್ತವೆ. ಒಂದು ಪದ್ಯದ ಉತ್ತರ ಮತ್ತೊಂದರಲ್ಲಿ ಸಡಿಲವಾಗುವುದೂ ಉಂಟು. ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ. ಒಂದು ಮನೆಯೊಳಗೇ ಸರಿ ಎನ್ನುವುದು ಎರಡು ಬಗೆಯಾಗಿರುವುದನ್ನು ಅವರು ಕಂಡಿದ್ದರು.

‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳನ್ನು ಓದಿದವರಿಗೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ದಿವಾನರಿಗೆ ಅಲ್ಲಿ ಜಾಗವಿರುವಂತೆ ಬಡ ವೈದಿಕರಿಗೂ ಸಂಗೀತ ನಾಟ್ಯಗಳ ಕಲಾವಿದೆಯರಿಗೂ ಹೆಸರಿಲ್ಲದ ಒಳ್ಳೆಯವರಿಗೂ ಜಾಗವಿದೆ. ಊರಿನ ಗ್ರಂಥಾಲಯದಲ್ಲಿ ಸಿಕ್ಕರೆ ‘ಹೃದಯ ಸಂಪನ್ನರು’ ಎಂಬ ಸಂಪುಟದಿಂದ ಆರಂಭಿಸಬಹುದು.

1945ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಗೀತೆಯಿಂದ ರಾಜ್ಯಾಂಗದವರೆಗೆ ಅಲ್ಲಿ ಚರ್ಚೆಗೆ ಬಾರದ ವಿಷಯವಿಲ್ಲ. ಮೆಟ್ರಿಕ್ ದಾಟದ ಇವರಿಗೆ ಮೈಸೂರು ವಿಶ್ವವಿದ್ಯಾನಿಲಯ 1961ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಗೀತೆಯ ಮೇಲಿನ ಕೃತಿಗೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರಜ್ಞರಾಗಿ, ‘ಹಸುರು ಹೊನ್ನು’ ಬರೆದು ಅದೇ ಪ್ರಶಸ್ತಿ ಪಡೆದರು. 1970ರಲ್ಲಿ ನಾಗರಿಕರು ಸನ್ಮಾನಿಸಿ ದೊಡ್ಡ ನಿಧಿಯೊಂದನ್ನು ಅರ್ಪಿಸಿದಾಗ, ಗುಂಡಪ್ಪನವರು ಅದನ್ನು ಹಾಗೆಯೇ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಬಂದಿತು. 1975ರ ಅಕ್ಟೋಬರ್ 7ರಂದು ಅವರು ತೀರಿಕೊಂಡರು.

ಆಮೇಲೆ ಪೆಟ್ಟಿಗೆ ತೆರೆದಾಗ ಮನೆಯವರಿಗೆ ಆ ಚೆಕ್ಕುಗಳು ಸಿಕ್ಕವು. ಯಾವ ಬ್ಯಾಂಕೂ ಅವನ್ನು ತೆಗೆದುಕೊಳ್ಳುವ ಅವಧಿ ಮುಗಿದು ಬಹಳ ವರ್ಷಗಳಾಗಿದ್ದವು.